ಬಸವನ ಉಳಿದ, ಬಾಗೇವಾಡಿ ಮುರಿಯಿತು

ನಾಲ್ಕೇ ನಾಲ್ಕು ಹೆಸರು ಬರೆಯಬೇಕಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಒಂದು ಗ್ರಾಫಿನ ಕೆಳಗೆ, ಸಾಲಾಗಿ, ಕನ್ನಡದಲ್ಲಿ. ದಿನಾ ಇದೇ ಕೆಲಸ ಮಾಡಿ ಸಂಬಳ ತಗೊಳ್ಳೋ ನನಗೆ ಇದು ಹತ್ತು ನಿಮಿಷದ ಮಾತು ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಗ್ರಾಫು ನಮ್ಮ ಕಾಕಾನದು. ಕಾಕಾ ಸಾಲಿ ಮಾಸ್ತರ. ನೌಕರಿಯಲ್ಲಿದ್ದಷ್ಟು ಕಾಲ ಈ ನಾಲ್ಕೂ ತಾಲ್ಲೂಕಿಗೆ ಒಂದೊಂದು ಸಲ ವರ್ಗವಾದವರು. ಎಲ್ಲಿ ಹೋದರೂ ಅಲ್ಲಿನ ತಾಲ್ಲೂಕು ಕಚೇರಿಗೆ ಹೋಗಿ ಮಳೆಯ ಲೆಕ್ಕ ಕೇಳಿ ತಂದು ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಉಳಿದ ಮೂರು ತಾಲ್ಲೂಕಿನದು ಅಲ್ಲಿದ್ದ ಗೆಳೆಯ ಮಾಸ್ತರರಿಂದ ಕಾರ್ಡಿನಲ್ಲಿ ಬರುತ್ತಿತ್ತು. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾದ ಮೇಲೆ ನಮ್ಮ ಜಿಲ್ಲೆಗೆ ಉಳಿದದ್ದು ಐದು ತಾಲ್ಲೂಕು: ಬಿಜಾಪುರ ಮತ್ತು ಈ ನಾಲ್ಕು. ಬಿಜಾಪುರದ ಲೆಕ್ಕ ಯಾಕಿಲ್ಲ ಅಂತ ಕೇಳಿದರೆ, 'ಅದನ್ನ ಸರ್ಕಾರದವರ ಬರಕೋತಾರ' ಅನ್ನೋದು ಕಾಕಾನ ಉತ್ತರ.

ಹೊರಗಿನವರಿಗೆ ಈ ನಾಲ್ಕೂ ಒಂದೇ ಬಯಲುಸೀಮೆ. ನಮಗೆ ಹಾಗಲ್ಲ. ಇಂಡಿ, ಸಿಂದಗಿ ಭೀಮೆಯ ಕಡೆಯವು. ಮುದ್ದೇಬಿಹಾಳ, ಬಾಗೇವಾಡಿ ಕೃಷ್ಣೆಯ ಕಡೆಯವು. ನಡುವೆ ಡೋಣಿ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಯಾವ ತಾಲ್ಲೂಕಿಗೆ ಹದಿನೈದು ದಿನ ಮೊದಲು ಬಂತು, ಯಾವುದಕ್ಕೆ ಹಿಂಗಾರಿ ಕೈಕೊಟ್ಟಿತು ಅನ್ನೋದರ ಮೇಲೆ ಜೋಳ ನಿಲ್ಲುತ್ತದೆ. ಇಂಡಿಯ ಲಿಂಬೆ ತೋಟದವನೂ ಮುಗಿಲು ನೋಡುತ್ತಲೇ ಇರುತ್ತಾನೆ. ಕಾಕಾನ ರಿಜಿಸ್ಟರ್ ಅಂದರೆ ಅದರ ಲೆಕ್ಕ.

2004ರ ಸುಮಾರಿಗೆ ಕಾಕಾ ಆ ರಿಜಿಸ್ಟರನ್ನು ಸಿಂದಗಿಯ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿ ಸಣ್ಣ ಪುಸ್ತಕ ಮಾಡಿದರು. ಅಂಗಡಿಯವನು ಒಂದು ಸಿಡಿಯನ್ನೂ ಕೊಟ್ಟ. ಮೊನ್ನೆ ಊರಿಗೆ ಹೋದಾಗ ಕಾಕಾ ಆ ಸಿಡಿಯನ್ನು ನನ್ನ ಕೈಗಿಟ್ಟು, 'ನೀ ಕಂಪ್ಯೂಟರ್‌ನ್ಯಾಗ ಬಣ್ಣಬಣ್ಣದ ಗೆರಿ ತಗೀತಿಯಲ್ಲ, ಇದನ್ನೊಂದು ತಗದು ಕೊಡು. ಸಾಲಿ ಗ್ವಾಡಿಗಿ ಹಚ್ಚೂಣು. ಆದ್ರ ಇಂಗ್ಲಿಷಿನ್ಯಾಗ ಬ್ಯಾಡಪಾ. ಹುಡುಗೂರು ಓದಬೇಕು' ಅಂದರು.

ಆ ಕೊನೇ ಮಾತೇ ಮೂರು ವಾರ ತಿಂದದ್ದು.

ಸಿಡಿ ಓದುವ ಯಂತ್ರ ಈಗ ಯಾರ ಹತ್ತಿರ ಇದೆ? ಅದು ಸಿಗುವವರೆಗೆ ಪುಸ್ತಕದಲ್ಲಿದ್ದ ಅಂಕಿಗಳನ್ನು ನಾನೇ ಟೈಪು ಮಾಡಿಕೊಂಡೆ. ಬೆಂಗಳೂರಿಗೆ ಬಂದು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗ್ರಾಫು ತೆಗೆದು, ಕೆಳಗೆ ನಾಲ್ಕು ಹೆಸರು ಬರೆದೆ. ಹೆಸರಿನ ಜಾಗದಲ್ಲಿ ಬಂದದ್ದು ಖಾಲಿ ಡಬ್ಬಿಗಳ ಸಾಲು. ಜೊತೆಗೆ ಒಂದು ಎಚ್ಚರಿಕೆ: 3207ನೇ ಸಂಖ್ಯೆಯ ಅಕ್ಷರ ಈ ಫಾಂಟಿನಲ್ಲಿ ಇಲ್ಲ. 3207 ಅಂದರೆ ಯೂನಿಕೋಡಿನಲ್ಲಿ ನಮ್ಮ ಇಂಡಿಯ 'ಇ'. ಅದರ ಬೆನ್ನಿಗೇ ಇನ್ನೊಂದು ಸಾಲು: ಮ್ಯಾಟ್‌ಪ್ಲಾಟ್‌ಲಿಬ್ ಸದ್ಯಕ್ಕೆ ಕನ್ನಡವನ್ನು ನೇರವಾಗಿ ಬೆಂಬಲಿಸುವುದಿಲ್ಲ. ಈ ಸಾಲು ನನಗೆ ತಮಾಷೆಯಾಗಿ ಕಂಡಿತು. ಆ ತಂತ್ರಾಂಶದೊಳಗೆ ಕನ್ನಡ ಅನ್ನೋ ಹೆಸರನ್ನು ಯಾರೋ ಕುಳಿತು ಬರೆದಿದ್ದಾರೆ. ತೆಲುಗು, ತಮಿಳು, ಮಲಯಾಳಂ ಹೆಸರೂ ಪಕ್ಕದಲ್ಲೇ ಇವೆ. ಬರೆದಿರುವುದು ಆಗೋದಿಲ್ಲ ಅಂತ ಹೇಳುವುದಕ್ಕೆ.

ಸರಿ, ಕನ್ನಡದ ಫಾಂಟೇ ಕೊಟ್ಟರಾಯಿತು ಅಂತ ನೋಟೋ ಸಾನ್ಸ್ ಕನ್ನಡ ಹಾಕಿದೆ. ಎಚ್ಚರಿಕೆ ಮಾಯವಾಯಿತು. ಅಕ್ಷರ ಬಂದವು. ಆದರೆ ಹೇಗೆ ಬಂದವು! ಇಂಡಿಯಲ್ಲಿ 'ಡ' ತನ್ನ ತಲೆಕಟ್ಟನ್ನು ಬಿಡದೆ ಕೂತಿದೆ, ಗುಡಿಸು ಅದರ ಜೊತೆ ಕೂಡದೆ ಬೇರೆಯೇ ಇದೆ. ಸಿಂದಗಿಯಲ್ಲಿ ಇದೇ ಅವಸ್ಥೆ ಎರಡು ಸಲ. ಮುದ್ದೇಬಿಹಾಳದ ಸ್ಥಿತಿ ನೋಡಲಾಗದು: ಒಂದು 'ದ', ಅದರ ಪಕ್ಕ ಒಂದು ಕೊಕ್ಕೆ, ಆಮೇಲೆ ಒತ್ತಾಗಿ ಕೆಳಗಿಳಿಯಬೇಕಿದ್ದ ಇನ್ನೊಂದು 'ದ' ಪೂರ್ತಿ ಗಾತ್ರದಲ್ಲಿ ಸಾಲಿನಲ್ಲೇ ನಿಂತಿದೆ. ನಾಲ್ಕರಲ್ಲಿ ಗಾಯವಿಲ್ಲದೆ ಉಳಿದದ್ದು ಒಂದೇ ಪದ, ಬಸವನ. ಅದರಲ್ಲಿ ಗುಡಿಸಿಲ್ಲ, ಕೊಂಬಿಲ್ಲ, ಒತ್ತಿಲ್ಲ. ನಾಲ್ಕೂ ಬರಿಯ ಅಕಾರ. ಪಕ್ಕದ ಬಾಗೇವಾಡಿ ಮುರಿದಿತ್ತು.

ಫೋಟೋ ಕಳಿಸಿದೆ. ಕಾಕಾ ಫೋನು ಮಾಡಿದರು. 'ತಮ್ಮಾ, ಗುಡಸು ಎಲ್ಲಿ ಹೋತು? ಒಂದನೇ ಇಯತ್ತೆ ಹುಡುಗನೂ ಹಿಂಗ ಬರ್ಯಾಂಗಿಲ್ಲ.'

ನಿಜ. ಒಂದನೇ ಇಯತ್ತೆ ಹುಡುಗನಿಗೆ ಗೊತ್ತಿರುವುದು ಜಗತ್ತಿನ ಅರ್ಧ ವಿಜ್ಞಾನಿಗಳು ಬಳಸುವ ತಂತ್ರಾಂಶಕ್ಕೆ ಯಾಕೆ ಗೊತ್ತಿಲ್ಲ? ಇದರ ಉತ್ತರ ಹುಡುಕುತ್ತಾ ಹೋದವನು 1967ಕ್ಕೆ ಬಂದು ಮುಟ್ಟಿದೆ.

ಆ ವರ್ಷ ಅಮೆರಿಕದ ವರ್ಜೀನಿಯಾದ ಡಾಲ್‌ಗ್ರೆನ್‌ನಲ್ಲಿ, ನೌಕಾದಳದ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿದ್ದ ಅಲೆನ್ ವಿ. ಹರ್ಷಿ ಎಂಬ ವಿಜ್ಞಾನಿ ಕಂಪ್ಯೂಟರಿಗಾಗಿ ಕ್ಯಾಲಿಗ್ರಫಿ ಎಂಬ ಅರ್ಥದ ಹೆಸರಿನ ಒಂದು ವರದಿ ಬರೆದರು. ಆಗಿನ ಕಂಪ್ಯೂಟರಿಗೆ ಗ್ರಾಫು ಬರೆಯುವುದೆಂದರೆ ಗೆರೆ ಎಳೆಯುವುದು. ಇಲ್ಲಿಂದ ಅಲ್ಲಿಗೆ ಗೆರೆ, ಪೆನ್ನು ಎತ್ತು, ಇನ್ನೊಂದು ಗೆರೆ. ಅಕ್ಷರವೂ ಅದೇ ಯಂತ್ರದಿಂದ ಬರಬೇಕು ಅಂದರೆ ಅಕ್ಷರವೂ ಗೆರೆಗಳೇ ಆಗಬೇಕು. ಹರ್ಷಿ ಮಾಡಿದ್ದು ಅದನ್ನೇ. ಚೌಕುಳಿ ಹಾಳೆಯ ಮೇಲೆ ಒಂದೊಂದು ಅಕ್ಷರವನ್ನೂ ಬಿಂದುಗಳಾಗಿ ಗುರುತಿಸಿ, ಬಿಂದುವಿನಿಂದ ಬಿಂದುವಿಗೆ ನೇರ ಗೆರೆ. ನಾವು ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆಯುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ.

ಬರಿಯ ಇಂಗ್ಲಿಷಿಗೆ ನಿಲ್ಲಿಸಲಿಲ್ಲ ಪುಣ್ಯಾತ್ಮ. ಗ್ರೀಕ್ ಮಾಡಿದರು, ರಷ್ಯನ್ನಿನ ಲಿಪಿ ಮಾಡಿದರು, ಗಣಿತದ ಚಿಹ್ನೆಗಳನ್ನು ಮಾಡಿದರು. ಜಪಾನಿನ ಕಾನಾ, ಕಾಂಜಿ ಅಕ್ಷರಗಳನ್ನೂ ನೂರಾರು ಲೆಕ್ಕದಲ್ಲಿ ಮಾಡಿದರು. ಅಷ್ಟೊಂದು ಗೆರೆಗಳ ಕಾಂಜಿಯನ್ನು ಬಿಂದುಗಳಲ್ಲಿ ಕಟ್ಟಲು ಸಾಧ್ಯ ಅಂತ 1967ರಲ್ಲೇ ಒಬ್ಬ ಮನುಷ್ಯ ತೋರಿಸಿಬಿಟ್ಟಿದ್ದ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಅದಕ್ಕೆ ಹರ್ಷಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಆ ಕೆಲಸ ಮಾಡಬೇಕಿದ್ದವರು ನಾವು.

ಆ ಅಕ್ಷರಗಳ ಆಯಸ್ಸು ನೋಡಿ ನನಗೆ ಬೆರಗಾಯಿತು. ಖಗೋಳ ವಿಜ್ಞಾನಿಗಳಿಗಾಗಿ ಕ್ಯಾಲ್‌ಟೆಕ್‌ನಲ್ಲಿ ಹುಟ್ಟಿದ ಪಿಜಿಪ್ಲಾಟ್‌ನಲ್ಲಿ ಅವೇ. ಐಡಿಎಲ್‌ನಲ್ಲಿ ಅವೇ. ಸಂಖ್ಯಾಶಾಸ್ತ್ರದವರು ಬಳಸುವ ಆರ್‌ನಲ್ಲಿ ಇವತ್ತಿಗೂ ಹರ್ಷಿ ಅಂತ ಹೆಸರು ಕೊಟ್ಟರೆ ಅವು ಎದ್ದು ಬರುತ್ತವೆ. ಜಪಾನಿ ಅಕ್ಷರಗಳ ಒಂದು ಪ್ರದರ್ಶನವೂ ಅದರೊಳಗೆ ಸಿದ್ಧವಾಗಿದೆ. ನಮ್ಮಲ್ಲಿ ಯಾರಾದರೂ ಓಪನ್ ಸಿವಿಯಲ್ಲಿ ಫೋಟೋದ ಮೇಲೆ ಚೌಕ ಎಳೆದು ಪಕ್ಕದಲ್ಲಿ ಹೆಸರು ಬರೆದಿದ್ದರೆ, 'ಹರ್ಷಿ ಸಿಂಪ್ಲೆಕ್ಸ್' ಅಂತ ಟೈಪು ಮಾಡಿಯೇ ಇರುತ್ತೀರಿ. ಯಾರು ಈ ಹರ್ಷಿ ಅಂತ ನಾನಂತೂ ಒಂದು ದಿನವೂ ಯೋಚಿಸಿರಲಿಲ್ಲ. ಚಾಕ್ಲೇಟು ನೆನಪಾಗುತ್ತಿತ್ತು, ಅಷ್ಟೇ. ಅಲ್ಲಿ ಕನ್ನಡ ಬರೆದು ನೋಡಿದರೆ ಬರುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು.

ಇಷ್ಟು ವರ್ಷ ಯಾಕೆ ಉಳಿಸಿಕೊಂಡರು? ಮೂವತ್ತು ವರ್ಷದ ಹಿಂದೆ ಬರೆದ ಪ್ರೋಗ್ರಾಮು ಇವತ್ತು ಓಡಿಸಿದರೂ ಅದೇ ಚಿತ್ರ ಬರಬೇಕು ಅನ್ನೋ ಹಟ ವಿಜ್ಞಾನಿಗಳಿಗಿದೆ. ಹಳೇ ಲೇಖನದ ಚಿತ್ರವನ್ನು ಮತ್ತೆ ತೆಗೆಯಬೇಕಾದಾಗ ಅಕ್ಷರ ಬದಲಾಗಬಾರದು, ಅಳತೆ ಬದಲಾಗಬಾರದು. ಆ ಹಟ ಹಿಡಿಯುವವರು ಇದ್ದದ್ದಕ್ಕೆ ಹರ್ಷಿಯ ಗೆರೆಗಳು ಉಳಿದವು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕನ್ನಡಕ್ಕೆ ಬರೋಣ. 1984ರಲ್ಲಿ ಅಡೋಬಿ ಕಂಪನಿಯ ಪೋಸ್ಟ್‌ಸ್ಕ್ರಿಪ್ಟ್ ಬಂತು, ಅದರ ಜೊತೆ ಟೈಪ್ 1 ಫಾಂಟುಗಳು. 1991ರಲ್ಲಿ ಆಪಲ್‌ನ ಟ್ರೂಟೈಪ್. ಇವೂ ಗೆರೆಗಳೇ, ಆದರೆ ಬಾಗಿದ ಗೆರೆಗಳು. ಅಕ್ಷರದ ಹೊರಅಂಚನ್ನು ಬರೆದು ಒಳಗೆ ಮಸಿ ತುಂಬುವ ಬಗೆ. ಕಂಪ್ಯೂಟರಿನಲ್ಲಿ ಕನ್ನಡ ಪುಸ್ತಕ, ಪತ್ರಿಕೆ ಬರಲು ಹಾದಿ ತೆರೆದದ್ದು ಇವೇ. ಆದರೆ ಒಂದು ಇಕ್ಕಟ್ಟು. ಆಗಿನ ಫಾಂಟಿನಲ್ಲಿ ಇದ್ದದ್ದು ಹೆಚ್ಚೆಂದರೆ 256 ಮನೆ. ಕನ್ನಡದ ಒಂದು ವ್ಯಂಜನಕ್ಕೆ ಕಾಗುಣಿತ ಬರೆದರೇ ಒಂದು ಸಾಲು ತುಂಬುತ್ತದೆ. ಒತ್ತಕ್ಷರ ಸೇರಿಸಿದರೆ ಲೆಕ್ಕ ಸಾವಿರಗಳಿಗೆ ಹೋಗುತ್ತದೆ. 256 ಮನೆಯಲ್ಲಿ ಇಷ್ಟು ದೊಡ್ಡ ಸಂಸಾರ ಹಿಡಿಸುವುದು ಹೇಗೆ?

ಒಡೆದು ಹಿಡಿಸಿದರು. 'ಕ'ದ ಮೈ ಬೇರೆ, ತಲೆಕಟ್ಟು ಬೇರೆ. ಗುಡಿಸು ಸಮೇತದ ಅಕ್ಷರಗಳು ಬೇರೆ, ಒತ್ತುಗಳು ಬೇರೆ, ಅರ್ಕಾವತ್ತು ಬೇರೆ. ಒಂದೊಂದು ತುಂಡನ್ನೂ ಇಂಗ್ಲಿಷಿನ ಯಾವುದೋ ಅಕ್ಷರದ, ಚಿಹ್ನೆಯ ಮನೆಯಲ್ಲಿ ಬಾಡಿಗೆಗಿಟ್ಟರು. ನುಡಿ ಫಾಂಟಿನಲ್ಲಿ 'ಕ'ದ ಮೈ ಇರುವುದು ದೊಡ್ಡಕ್ಷರದ ಪಿ ಮನೆಯಲ್ಲಿ. ತಲೆಕಟ್ಟು ಇರುವುದು ನೆತ್ತಿಯ ಮೇಲೆ ವಾರೆ ಗೀಟಿರುವ ಎ ಮನೆಯಲ್ಲಿ. 'ನ'ದ ಮೈಗೆ ಪೌಂಡಿನ ಚಿಹ್ನೆ. 'ನ' ಒತ್ತಿಗೆ ಜರ್ಮನರ ಜೋಡಿ ಎಸ್. ಹೀಗೆ ಏಳು ತುಂಡು ಕೂಡಿದರೆ 'ಕನ್ನಡ' ಅನ್ನೋ ಪದ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಕಾಣುವ ಪೌಂಡು, ಎಮ್ಮೆಕೋಡಿನ ಎ, ಪಿ, ಕ್ಯು ಗೋಜಲು ಇದೆಯಲ್ಲ, ಸರ್ಕಾರಿ ಪಿಡಿಎಫ್‌ನಿಂದ ಕಾಪಿ ಮಾಡಿದವರೆಲ್ಲ ಅದನ್ನು ನೋಡಿರುತ್ತೀರಿ. ಅದರ ಮೂಲ ಇದು.

ಈ ತುಂಡುಗಳನ್ನು ಜನ ಕೈಯಾರೆ ಹುಡುಕಿ ಕೂಡಿಸಬೇಕಾಗಿದ್ದರೆ ಕನ್ನಡ ಅಲ್ಲಿಗೇ ನಿಲ್ಲುತ್ತಿತ್ತು. ಹಾಗಾಗದಂತೆ ನೋಡಿಕೊಂಡದ್ದು ಕೀಲಿಮಣೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ನೀವು ಒತ್ತುವುದು ಕನ್ನಡದ ಮೂಲಾಕ್ಷರ, ಸ್ವರ. ಯಾವ ತುಂಡು ಎಲ್ಲಿ ಕೂಡಬೇಕು ಅನ್ನೋದನ್ನು ತಂತ್ರಾಂಶ ಕೀಲಿ ಒತ್ತಿದ ಕ್ಷಣದಲ್ಲೇ ತೀರ್ಮಾನಿಸುತ್ತದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಬಂತು. ಆಮೇಲೆ ಸರ್ಕಾರದ ಬೆಂಬಲದಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಕಚೇರಿಗಳಿಗೆ, ಸಾಲಿಗಳಿಗೆ, ತಾಲ್ಲೂಕಿನ ಡಿಟಿಪಿ ಅಂಗಡಿಗಳಿಗೆ ಕನ್ನಡ ತಲುಪಿದ್ದು ಇವುಗಳ ಮೂಲಕ. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಗ್ರಾಮಸಭೆಯ ಠರಾವು ಎಲ್ಲ ಆ ತುಂಡುಗಳಲ್ಲೇ ಇದೆ. ಕಾಕಾನ ಪುಸ್ತಕವೂ.

ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಯೂನಿಕೋಡ್ ಬರುತ್ತಿತ್ತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಓಣಿ ಸಿಕ್ಕಿತ್ತು, ನಮ್ಮ ದೇಶದ್ದೇ ಆದ ಇಸ್ಕಿ ಸಂಕೇತದ ಮಾದರಿಯಲ್ಲಿ. ಯೂನಿಕೋಡಿನ ದಾರಿ ತಿರುಗಾಮುರುಗಾ. ಅದು ತುಂಡುಗಳನ್ನು ಇಟ್ಟುಕೊಳ್ಳುವುದಿಲ್ಲ. ಕ, ನ, ವಿರಾಮ, ನ, ಡ ಅಂತ ಉಚ್ಚಾರದ ಲೆಕ್ಕದಲ್ಲಿ ಐದು ಸಂಕೇತ ಇಟ್ಟುಕೊಳ್ಳುತ್ತದೆ. ಅವನ್ನು ಕೂಡಿಸಿ ಒತ್ತನ್ನು ಕೆಳಗೆ ಇಳಿಸುವುದು, ಗುಡಿಸನ್ನು ಹಚ್ಚುವುದು, ಅರ್ಕಾವತ್ತನ್ನು ಎತ್ತಿ ಮುಂದಕ್ಕೆ ಒಯ್ಯುವುದು ಎಲ್ಲ ತೆರೆಯ ಮೇಲೆ ಕಾಣಿಸುವ ಹೊತ್ತಿನ ಕೆಲಸ. ಅದಕ್ಕಂತಲೇ ಒಂದು ತಂತ್ರಾಂಶ ಬೇಕು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನ ಜೊತೆ ಅಂಥದ್ದನ್ನು ತಂದಿತು. ಇವತ್ತು ನಿಮ್ಮ ಫೋನಿನಲ್ಲಿ, ಬ್ರೌಸರಿನಲ್ಲಿ ಆ ಕೆಲಸವನ್ನು ಬಹುಪಾಲು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತಿರುತ್ತದೆ.

ಅಂದರೆ ಕೂಡಿಸುವ ಕೆಲಸ ಬೆರಳಿನ ಹತ್ತಿರದಿಂದ ಕಣ್ಣಿನ ಹತ್ತಿರಕ್ಕೆ ವರ್ಗವಾಯಿತು. ಆದರೆ ಹೊಸ ಜಾಗದಲ್ಲಿ ಹಾಜರಾದದ್ದು ಎಲ್ಲ ಕಡೆ ಅಲ್ಲ.

ಮ್ಯಾಟ್‌ಪ್ಲಾಟ್‌ಲಿಬ್ ಬಂದದ್ದು 2003ರಲ್ಲಿ. ಜಾನ್ ಹಂಟರ್ ಎಂಬ ನರವಿಜ್ಞಾನಿ ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ನೋಡಲು ತನಗೆ ಬೇಕಾದ ಸಾಧನವನ್ನು ತಾನೇ ಕಟ್ಟಿ ಎಲ್ಲರಿಗೂ ಬಿಟ್ಟುಕೊಟ್ಟ. 2012ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಅವನ ಋಣ ನಮ್ಮಂಥ ಲಕ್ಷಾಂತರ ಜನರ ಮೇಲಿದೆ, ಹಾಗಾಗಿ ನನ್ನದು ದೂರಲ್ಲ. ಅಕ್ಷರಕ್ಕೆ ಅವರು ಹಿಡಿದದ್ದು ಫ್ರೀಟೈಪ್ ಎಂಬ ಗ್ರಂಥಾಲಯವನ್ನು. ಅದು ಕೇಳಿದ ಸಂಕೇತಕ್ಕೆ ಫಾಂಟಿನಿಂದ ಆಕಾರ ತಂದುಕೊಡುತ್ತದೆ. ಒಂದರ ಪಕ್ಕ ಒಂದು ಇಟ್ಟರೆ ಇಂಗ್ಲಿಷಿಗೆ ಸಾಕು, ರಷ್ಯನ್ನಿಗೆ ಸಾಕು, ಜಪಾನಿಗೂ ಸಾಕು. ಕನ್ನಡಕ್ಕೆ ಸಾಲದು. ಯೂನಿಕೋಡಿನವರು ಕೂಡಿಸುವುದು ತೋರಿಸುವವರ ಕೆಲಸ ಅಂದರು. ತೋರಿಸುವವರ ಹತ್ತಿರ ಕೂಡಿಸುವವರೇ ಇರಲಿಲ್ಲ. ನಾನು ಬಳಸಿದ ಆವೃತ್ತಿಯವರೆಗೂ ಹಾಗೇ.

ಇಷ್ಟು ತಿಳಿಯುವ ಹೊತ್ತಿಗೆ ಸಿಡಿ ಓದುವ ಡ್ರೈವು ಸಿಕ್ಕಿತು, ಆಫೀಸಿನ ಗೆಳೆಯನೊಬ್ಬನ ಅಟ್ಟದಲ್ಲಿ. ಕಡತ ತೆರೆದರೆ ನಿರೀಕ್ಷೆಯಂತೆ ಪೌಂಡುಗಳ ಸಂತೆ. ಹಳೇ ನುಡಿ ಫಾಂಟನ್ನು ಹುಡುಕಿ ಹಾಕಿಕೊಂಡೆ. ಕನ್ನಡ ಎದ್ದು ಕುಳಿತಿತು. ಆಗ ತಲೆಗೆ ಹೊಳೆದದ್ದು ಸುಮ್ನೆ ಒಂದು ಕುಚೇಷ್ಟೆ. ಆ ಗೋಜಲನ್ನೇ ಹಾಗೆಯೇ ಎತ್ತಿ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಕೊಟ್ಟು, ಫಾಂಟು ನುಡಿ ಅಂತ ಹೇಳಿದರೆ?

ನಾಲ್ಕೂ ಹೆಸರು ಬಂದವು. ಇಂಡಿಯ ಗುಡಿಸು ಜಾಗದಲ್ಲಿತ್ತು. ಮುದ್ದೇಬಿಹಾಳದ ಒತ್ತು ಕೆಳಗಿಳಿದಿತ್ತು. ಬಾಗೇವಾಡಿ ಬಸವನ ಪಕ್ಕದಲ್ಲಿ ಗಟ್ಟಿಯಾಗಿ ನಿಂತಿತ್ತು. ರಾತ್ರಿ ಒಂದೂವರೆಗೆ ನಾನೊಬ್ಬನೇ ನಕ್ಕೆ. ಸಿಂದಗಿಯ ಅಂಗಡಿಯ ಹುಡುಗ ಟೈಪು ಮಾಡಿದ ದಿನವೇ ಕೂಡಿಸುವ ಕೆಲಸ ಮುಗಿದಿತ್ತಲ್ಲ, ತುಂಡನ್ನು ಸಾಲಾಗಿ ಇಡುವುದಷ್ಟೇ ಬಾಕಿ. ಅಷ್ಟನ್ನು ಮ್ಯಾಟ್‌ಪ್ಲಾಟ್‌ಲಿಬ್ ಚೆನ್ನಾಗಿಯೇ ಮಾಡುತ್ತದೆ. ಹೊಸ ಶಿಷ್ಟತೆ ಸೋತ ಜಾಗದಲ್ಲಿ ನಾವೆಲ್ಲ ಹಳೇ ಗುಜರಿ ಅಂತ ಬೈಯುವ ಫಾಂಟು ಗೆದ್ದಿತ್ತು.

ಖುಷಿ ಮರುದಿನ ಬೆಳಗಿನವರೆಗೆ ಇತ್ತು. ಕಾಕಾ ಎರಡನೇ ಚಿತ್ರವನ್ನೂ ಕೇಳಿದ್ದರು, ವಾಡಿಕೆ ಮಳೆಗಿಂತ ಯಾವ ವರ್ಷ ಎಷ್ಟು ಹೆಚ್ಚು ಎಷ್ಟು ಕಡಿಮೆ ಅಂತ. ಅದರಲ್ಲಿ ಸೊನ್ನೆಗಿಂತ ಕೆಳಗಿನ ಅಂಕಿಗಳ ಮುಂದೆಲ್ಲ ಮತ್ತೆ ಡಬ್ಬಿ. ಮ್ಯಾಟ್‌ಪ್ಲಾಟ್‌ಲಿಬ್ ಮೈನಸ್ಸಿಗೆ ಕೀಲಿಮಣೆಯ ಅಡ್ಡಗೆರೆ ಹಾಕುವುದಿಲ್ಲ, ಯೂನಿಕೋಡಿನ ಬೇರೆಯೇ ಮೈನಸ್ ಚಿಹ್ನೆ ಹಾಕುತ್ತದೆ. 256 ಮನೆಯ ಹಳೇ ಫಾಂಟಿನಲ್ಲಿ ಅದು ಎಲ್ಲಿರಬೇಕು? ಬರಗಾಲದ ವರ್ಷಗಳಿಗೆಲ್ಲ ಮೈನಸ್ಸಿನ ಬದಲು ಖಾಲಿ ಡಬ್ಬಿ. ಇದಕ್ಕೊಂದು ಸ್ವಿಚ್ಚಿದೆ, ಒತ್ತಿದೆ. ಆಮೇಲೆ ಮಿಲಿಮೀಟರ್ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಎರಡು ಎಮ್ ಬರೆದಿದ್ದೆ. ಅದು ನುಡಿಯಲ್ಲಿ ಕನ್ನಡದ ಯಾವುದೋ ತುಂಡುಗಳಾಗಿ ಬಂತು. ಅದನ್ನೂ ಸರಿ ಮಾಡಿದೆ.

ಸರಿ ಮಾಡಲಾಗದ್ದು ಇನ್ನೊಂದಿತ್ತು. ಪಿಡಿಎಫ್ ಮಾಡಿ, ಅದರಲ್ಲಿ 'ಸಿಂದಗಿ' ಅಂತ ಹುಡುಕಿದೆ. ಇಲ್ಲ ಅಂತು. ಕಣ್ಣೆದುರಿಗೇ ಸಿಂದಗಿ ಇದೆ, ಕಂಪ್ಯೂಟರಿಗೆ ಇಲ್ಲ. ಅದರ ಪ್ರಕಾರ ಅಲ್ಲಿರುವುದು ಯುರೋಪಿನ ಗೀಟುಗಳ ಅಕ್ಷರರಾಶಿ. ಅಕಾರಾದಿಯಾಗಿ ಜೋಡಿಸಲೂ ಆಗದು, ಜೋರಾಗಿ ಓದಿ ಹೇಳುವ ತಂತ್ರಾಂಶಕ್ಕೆ ಕೊಡಲೂ ಆಗದು. ಶ್ರೀಲಿಪಿಯ ತುಂಡುಗಳ ಕೋಷ್ಟಕ ಒಂದು, ನುಡಿಯದು ಇನ್ನೊಂದು. ಫಾಂಟು ಕಳೆದುಹೋದರೆ ಅರ್ಥವೂ ಕಳೆದುಹೋದಂತೆ.

ಫಾಂಟು ಕಳೆದುಹೋಗುವುದು ಬರಿಯ ಮಾತಲ್ಲ. ಟೈಪ್ 1ರ ಕಥೆ ನೋಡಿ. 2017ರಲ್ಲಿ ಲಿಬ್ರೆ ಆಫೀಸ್ 5.3 ಟೈಪ್ 1 ಫಾಂಟುಗಳನ್ನು ಕೈಬಿಟ್ಟಿತು. 2019ರಲ್ಲಿ ಪ್ಯಾಂಗೋ 1.44 ಕೈಬಿಟ್ಟಿತು. ಪ್ಯಾಂಗೋ ಅಂದರೆ ಗ್ನುಪ್ಲಾಟ್‌, ಆರ್‌ ಎರಡೂ ಅಕ್ಷರ ಬರೆಸಿಕೊಳ್ಳಲು ಬಳಸುವ ಗ್ರಂಥಾಲಯ. 2023ರ ಜನವರಿಗೆ ಅಡೋಬಿಯೇ ತಾನು ಹುಟ್ಟಿಸಿದ ಟೈಪ್ 1ನ್ನು ತನ್ನ ತಂತ್ರಾಂಶಗಳಿಂದ ಹೊರಗಿಟ್ಟಿತು. ಮೊದಲ ಎರಡರ ಹಿಂದಿನ ಕಾರಣ ಓದಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಹಾರ್ಫ್‌ಬಜ್‌ಗೆ ಪೂರ್ತಿ ಒಪ್ಪಿಸಿಕೊಂಡವು, ಹಾರ್ಫ್‌ಬಜ್‌ಗೆ ಟೈಪ್ 1 ಬೇಡ. ಅಂದರೆ ಕನ್ನಡವನ್ನು ಸರಿಯಾಗಿ ಕೂಡಿಸುವ ತಂತ್ರಾಂಶ ಬಂದ ಬಾಗಿಲಿನಿಂದಲೇ ಹಳೇ ಫಾಂಟುಗಳು ಹೊರಗೆ ಹೋದವು.

ಹೊರಗೆ ಹೋದಾಗ ಗ್ರಾಫು ಬರೆಯುವವರ ಕಡೆಯಿಂದ ಕೂಗು ಎದ್ದಿತು. ಗ್ರೀಕಿನ ಆಲ್ಫಾ, ಬೀಟಾ, ಗಣಿತದ ಚಿಹ್ನೆಗಳೆಲ್ಲ ಸಿಂಬಲ್ ಎಂಬ ಟೈಪ್ 1 ಫಾಂಟಿನಲ್ಲಿದ್ದವು. ಅವು ಕೆಟ್ಟು ಬರತೊಡಗಿದವು. ಆರ್‌ನವರು ಕುಳಿತು ಅದಕ್ಕೆ ಬೇರೆ ದಾರಿ ಮಾಡಿಕೊಟ್ಟರು, ಹೀಗೆ ಮಾಡಿ ಅಂತ ವಿವರವಾಗಿ ಬರೆದೂ ಕೊಟ್ಟರು. ಆಗಲೇ ಹೇಳಿದೆನಲ್ಲ, ಹಟ ಹಿಡಿಯುವವರು ಇದ್ದರು. ಕನ್ನಡದ ತುಂಡು ಫಾಂಟುಗಳಿಗೆ ಆ ಹಟ ಹಿಡಿದದ್ದು ಯಾರು? ಯೂನಿಕೋಡ್ ಬಂತಲ್ಲ, ಇನ್ನು ಹಳೆಯದು ಬಿಡಿ ಅಂತ ನಾವೇ ಹೇಳಿಕೊಂಡು ಬಂದೆವು. ನಾನೂ ಹೇಳಿದ್ದೇನೆ, ಟ್ವಿಟರಿನಲ್ಲಿ, ಸಾಕಷ್ಟು ಸೊಕ್ಕಿನಿಂದ. ಹೊಸದಾಗಿ ಬರೆಯುವುದಕ್ಕೆ ಆ ಮಾತು ಈಗಲೂ ಸರಿಯೇ. ಆದರೆ ಹಳೆಯದನ್ನು ಓದುವ ದಾರಿ ಮುಚ್ಚಿದರೆ ಮುಚ್ಚಿಹೋಗುವುದು ಫಾಂಟಲ್ಲ, ತಾಲ್ಲೂಕು ಊರುಗಳಲ್ಲಿ ಜನ ಮೊದಲ ಸಲ ಕಂಪ್ಯೂಟರಿನಲ್ಲಿ ಬರೆದಿಟ್ಟ ಇಪ್ಪತ್ತು ವರ್ಷದ ಬರವಣಿಗೆ. ಅದರ ಕಾವಲಿಗೆ ಕೂತವರು ಕೆಲವೇ ಸ್ವಯಂಸೇವಕರು, ಹಳೇ ಸಂಕೇತದಿಂದ ಯೂನಿಕೋಡಿಗೆ ಪರಿವರ್ತಕ ಬರೆದು ಪುಕ್ಕಟೆ ಕೊಟ್ಟವರು.

ಅಂಥ ಒಂದು ಪರಿವರ್ತಕಕ್ಕೆ ಕಾಕಾನ ಕಡತ ಕೊಟ್ಟೆ. ಬಹುಪಾಲು ಸರಿಯಾಗಿ ಬಂತು. ತಪ್ಪಿದ್ದು ಹೆಚ್ಚಾಗಿ ಅರ್ಕಾವತ್ತಿನಲ್ಲಿ. ನುಡಿಯಲ್ಲಿ 'ಕರ್ನಾಟಕ' ಬರೆದರೆ ಅರ್ಕಾವತ್ತು ಕಣ್ಣಿಗೆ ಕಾಣುವಂತೆ 'ನಾ' ಆದ ಮೇಲೆ ಕೂರುತ್ತದೆ. ಯೂನಿಕೋಡಿನಲ್ಲಿ ಬಾಯಿಗೆ ಬರುವಂತೆ 'ನಾ'ಗೆ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ಒಯ್ಯಬೇಕು, ಅಂಗಡಿಯ ಹುಡುಗ ಒಂದು ಖಾಲಿ ಜಾಗ ಜಾಸ್ತಿ ಒತ್ತಿದ್ದರೆ ಎಡವುತ್ತದೆ. ಎರಡು ಶನಿವಾರ ಕುಳಿತು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಿದ್ದಿದೆ. 'ವರ್ಷ' ಅನ್ನೋ ಪದ ಮಳೆಯ ಪುಸ್ತಕದಲ್ಲಿ ಎಷ್ಟು ಸಲ ಬರುತ್ತದೆ ಅಂತ ನೀವೇ ಊಹಿಸಿ.

ಗ್ರಾಫಿಗೆ ಕೊನೆಗೆ ಸಿಕ್ಕ ದಾರಿ ಸಣ್ಣದು, ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ಮ್ಯಾಟ್‌ಪ್ಲಾಟ್‌ಲಿಬ್‌ನಿಂದ ಎಸ್‌ವಿಜಿ ಮಾಡುವಾಗ ಅದು ಅಕ್ಷರಗಳನ್ನು ಗೆರೆಗಳಾಗಿ ಮಾಡಿಬಿಡುತ್ತದೆ, ಥೇಟ್ ಹರ್ಷಿಯ ಹಾಗೆ. ಹಾಗೆ ಮಾಡಬೇಡ, ಅಕ್ಷರವನ್ನು ಅಕ್ಷರವಾಗಿಯೇ ಬಿಡು ಅನ್ನುವ ಒಂದು ಆಯ್ಕೆ ಇದೆ. ಅದನ್ನು ಒತ್ತಿ ಕಡತವನ್ನು ಬ್ರೌಸರಿನಲ್ಲಿ ತೆರೆದರೆ ಬ್ರೌಸರಿಗೆ ಕನ್ನಡ ಗೊತ್ತಿದೆಯಲ್ಲ, ಅದು ಕೂಡಿಸಿಕೊಂಡು ತೋರಿಸುತ್ತದೆ. ಅಲ್ಲಿಂದಲೇ ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡಿಕೊಂಡೆ. ಸಿಂದಗಿ ಹುಡುಕಿದರೆ ಸಿಂದಗಿ ಸಿಕ್ಕಿತು. ಗ್ನುಪ್ಲಾಟ್‌ನ ಕೈರೋ ಬಗೆಯಲ್ಲೂ, ಆರ್‌ನ ಕೈರೋದಲ್ಲೂ ಕನ್ನಡ ನೇರವಾಗಿ ಸರಿ ಬರುತ್ತದೆ ಅಂತ ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ಇಂಡಿಗೆ ಹೋಗಿ ದೊಡ್ಡ ಹಾಳೆಯಲ್ಲಿ ಮುದ್ರಿಸಲು ಅಂಗಡಿಗೆ ಕೊಟ್ಟೆ. ತಲೆಬರಹ ಸ್ವಲ್ಪ ದಪ್ಪ ಬೇಕಿತ್ತು. ಅಂಗಡಿಯವನು ಪೆನ್‌ಡ್ರೈವ್ ಹಚ್ಚಿ ನೋಡಿ, 'ಇದು ಯೂನಿಕೋಡದರೀ ಸರ, ನಮ್ಮ ಪೇಜ್‌ಮೇಕರ್‌ನ್ಯಾಗ ಬರಂಗಿಲ್ಲ. ನುಡಿಯಾಗ ಕೊಡ್ರಿ' ಅಂದ. ಪಿಡಿಎಫ್ ಇದ್ದಂತೆಯೇ ಮುದ್ರಿಸಪ್ಪಾ ಅಂದೆ.

ಕಾಕಾ ಹಾಳೆಯನ್ನು ಕಟ್ಟೆಯ ಮೇಲೆ ಹಾಸಿ, ಕನ್ನಡಕ ಏರಿಸಿ, ಕೆಳಗಿನ ಸಾಲಿಗೆ ಬೆರಳು ಹಚ್ಚಿ ಹುಡುಗರಿಗೆ ಓದಿಸುವಂತೆ ಓದಿದರು. ಇಂಡಿ. ಸಿಂದಗಿ. ಮುದ್ದೇಬಿಹಾಳ. ಬಸವನ ಬಾಗೇವಾಡಿ. ಆಮೇಲೆ ಮೇಲಿನ ಕಂಬಗಳನ್ನು ನೋಡುತ್ತಾ ಯಾವ ವರ್ಷ ಎಲ್ಲಿದ್ದೆ ಅಂತ ತಮಗೆ ತಾವೇ ಹೇಳಿಕೊಂಡರು. ಒಂದು ಕಡೆ ಬೆರಳು ನಿಂತಿತು. 'ಇದು ತಪ್ಪದ. ಮುದ್ದೇಬಿಹಾಳಕ್ಕ ಆ ವರ್ಷ ಇಷ್ಟು ಆಗಿಲ್ಲ. ಡಿಟಿಪಿ ಹುಡುಗ ಒಂದು ಸೊನ್ನಿ ಹೆಚ್ಚಿಗಿ ಒತ್ಯಾನ. ಪುಸ್ತಕದಾಗೂ ಹಂಗ ಆಗ್ಯಾದ. ರಿಜಿಸ್ಟರ್ ತಗೊಂಬಾ.'

ರಿಜಿಸ್ಟರ್ ತಂದೆ. ಕಾಕಾನೇ ಸರಿ.

'ಸಿಡಿ ಒಗದಿಲ್ಲಲ್ಲ?' ಅಂದರು. ಇಲ್ಲ ಕಾಕಾ, ಐತಿ ಅಂತ ತೆಗೆದು ಕೊಟ್ಟೆ. ಬೆಂಗಳೂರಿನ ಬಸ್ಸು ಹತ್ತಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಆ ಸೊನ್ನೆ ತಿದ್ದಿದೆ. ಫೋಲ್ಡರಿನಲ್ಲಿ ಮೂಲ ಕಡತ ಇತ್ತು, ಯೂನಿಕೋಡ್ ಪ್ರತಿ ಇತ್ತು, ಗ್ರಾಫಿನ ಪ್ರೋಗ್ರಾಮು ಇತ್ತು. ನುಡಿಯ ಫಾಂಟ್ ಕಡತವನ್ನು ಸೇರಿಸುವುದು ಮರೆತಿದ್ದೆ. ಸಿಂದಗಿ ದಾಟುವಷ್ಟರಲ್ಲಿ ಅದನ್ನೂ ಸೇರಿಸಿದೆ.